ಚನ್ನಕ್ಕ ಹಿಡಿದ ಅಳತೆ

ಬಂಕಾಪುರದ ಟೇಲರ್ ಚನ್ನಕ್ಕನ ಇಸ್ತ್ರಿ ಪೆಟ್ಟಿಗೆ ಬಟ್ಟೆಗಿಂತ ಹೆಚ್ಚು ಹುಡುಗಿಯರ ಹೊಟ್ಟೆಗೇ ದುಡಿಯುತ್ತಿತ್ತು. ಮುಟ್ಟಿನ ನೋವಿಗೆ ಯಾರಾದರೂ ಬಾಗಿಕೊಂಡು ಬಂದರೆ ಸಾಕು, ಹಳೇ ಕೌದಿಯ ತುಂಡು ಮಡಚಿ, ಅದರ ಮೇಲೆ ಇಸ್ತ್ರಿ ಆಡಿಸಿ, ತನ್ನ ಕೆನ್ನೆಗೆ ಹಿಡಿದು ಬಿಸಿ ನೋಡಿ ಕೊಡುತ್ತಿದ್ದಳು. "ಕಿಬ್ಬೊಟ್ಟಿಗೆ ಹಿಡಕೊಂಡು ಕುಂದ್ರು. ಏನರ ತಿಂದೀ ಇಲ್ಲೋ? ಬರೇ ಹೊಟ್ಟ್ಯಾಗ ಗುಳಿಗಿ ನುಂಗಬ್ಯಾಡ." ಅಂದು ಚುರಮುರಿ ಡಬ್ಬಿ ಮುಂದಿಡುತ್ತಿದ್ದಳು.

ದನಿ ಇಳಿಸುವ ಅಭ್ಯಾಸವೇ ಅವಳಿಗಿರಲಿಲ್ಲ. "ಅರಿವಿ ಹಿಂಡಿದಂಗ ಗರ್ಭಚೀಲ ತನ್ನ ತಾನ ಹಿಂಡಕೋತೈತಿ, ಅದಕ್ಕ ನೋವು" ಎಂದು ನನಗೆ ಪಾಠ ಮಾಡುತ್ತಿದ್ದಾಗ, ಹೆಂಡತಿಯ ಜಂಪರ್ ಒಯ್ಯಲು ಬಂದಿದ್ದ ನಮ್ಮ ಹೈಸ್ಕೂಲು ಮಾಸ್ತರರು ನಾಚಿ ಹೊರಗೆ ಹೊರಟರು. "ಕುಂದರ್ರಿ ಸರ, ನಿಮ್ಮನ್ನ ಹಡದಾಕಿಗೂ ಇದ ಇತ್ತರಿ" ಅಂದಳು. ಮಾಸ್ತರರು ಕುಂತರು. ನಾನು ಚುರಮುರಿ ನೆತ್ತಿಗೇರಿಸಿಕೊಂಡೆ.

ಇಪ್ಪತ್ತೆರಡಕ್ಕೆ ನನ್ನ ಲಗ್ನ ಗೊತ್ತಾಯಿತು, ಹಿರೇಕೆರೂರಿನ ಕಡೆಗೆ. ಆ ಹೊತ್ತಿಗೆ ನೋವು ತಿಂಗಳಿಂದ ತಿಂಗಳಿಗೆ ಏರಿ, ವಾಂತಿ ಮಾಡಿಕೊಂಡು ನೆಲಕ್ಕೆ ಬೀಳುತ್ತಿದ್ದೆ. "ಎಲ್ಲಾರಿಗೂ ಇರೂದ, ಲಗ್ನಾದ್ರ ಹೋಗತೈತಿ" ಅನ್ನುತ್ತಿದ್ದಳು ಅವ್ವ. ಲಗ್ನದ ಚೂಡಿದಾರ ಹೊಲಿಸಲು ಹೋದಾಗ ಚನ್ನಕ್ಕ ಟೇಪು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅಳತೆ ಪುಸ್ತಕದಲ್ಲಿ ನಿಶ್ಚಯಕ್ಕೆ ಹೊಲಿಸಿದ್ದರ ಪುಟ ತೆಗೆದಳು.

"ತೋಳು ಇಳದಾವು. ಹೊಟ್ಟಿ ಮೂರು ಇಂಚು ಏರೈತಿ."

ಅವ್ವನ ಮುಖ ಬಿಳಿಚಿತು. ಅವಳಿಗೆ ಏನನ್ನಿಸಿತೆಂದು ತಿಳಿದು ನನಗೆ ಅಳುವೂ ಬಂತು, ಸಿಟ್ಟೂ ಬಂತು. ಚನ್ನಕ್ಕನಿಗೂ ತಿಳಿಯಿತು.

"ಏ ಹುಚ್ಚಿ, ನೀ ಅಂದಕೊಂಡದ್ದಲ್ಲ. ತಿಂಗಳಾ ಮುಟ್ಟಾಗಿ ಒದ್ದಾಡಾಕತ್ತಾಳ ಹುಡುಗಿ. ಒಳಗ ಏನೋ ಬೆಳದೈತಿ. ಸ್ಕ್ಯಾನ್ ಮಾಡಿಸೋತನಕಾ ನಾ ಕತ್ತರಿ ಹಿಡಿಯೂದಿಲ್ಲ." ಅರಿವೆಯನ್ನು ವಾಪಸು ಚೀಲಕ್ಕೆ ತುರುಕಿದಳು.

"ಬೀಗರಿಗೆ ಗೊತ್ತಾದ್ರ?" ಅಂದಳು ಅವ್ವ.

"ಲಗ್ನ ಹೋದ್ರ ಇನ್ನೊಂದು ಬರತೈತಿ. ಹುಡುಗಿ ಹೋದ್ರ?"

ಅವ್ವ ಹಾದಿಯಲ್ಲಿ ಮನೆಗೆ ಹೊಳ್ಳಿಬಿಟ್ಟಾಳೆಂದು ಚನ್ನಕ್ಕ ತಾನೇ ಅಂಗಡಿ ಮುಚ್ಚಿ ನಮ್ಮೊಂದಿಗೆ ಶಿಗ್ಗಾಂವಿಯ ಬಸ್ಸು ಹತ್ತಿದಳು. ಅಂಡಾಶಯದಲ್ಲಿ ಮೂಸಂಬಿಗಿಂತ ದೊಡ್ಡ ಗಂಟು ಇತ್ತು. ಆಪರೇಷನ್ ಆಯಿತು. ಬೀಗರು ಲಗ್ನ ಮೂರು ತಿಂಗಳು ಮುಂದೂಡಿದರು, ಮುರಿಯಲಿಲ್ಲ. "ಈಗ ಮತ್ತ ಹೊಸಾ ಅಳತಿ, ನನಗ ಬರೇ ಕೆಲಸ ಹಚ್ತೀರಿ" ಎಂದು ಬೈಯುತ್ತಲೇ ಚನ್ನಕ್ಕ ಆರು ಜೊತೆ ಹೊಲಿದುಕೊಟ್ಟಳು.

ಕಡೆಯ ಸಲ ಅವಳನ್ನು ಕಂಡಾಗ ಕಣ್ಣು ಮಂಜಾಗಿ ಅಂಗಡಿ ನಿಲ್ಲಿಸಿದ್ದಳು. "ಯಾರಿಗೂ ತಿಳೀದ್ದು ನಿನಗ ಹೆಂಗ ತಿಳೀತು?" ಅಂದೆ.

ನಕ್ಕಳು. "ನನಗೂ ಇದ ಆಗಿತ್ತಬೇ, ನೀ ಹುಟ್ಟೂಕಿಂತ ಮೊದಲ. ತಡಾ ಆತು, ಗರ್ಭಚೀಲಾನ ತಗದ್ರು. ನನ್ನ ಅರಿವಿ ನಾನ ಹೊಲಕೋತಿದ್ನೆಲ್ಲ, ಬಿಗಿ ಆದಂಗ ಹೊಲಿಗಿ ಬಿಚ್ಚಿ ಸಡಲ ಮಾಡ್ಕೋತಿದ್ನಿ. ಅಷ್ಟ."

ಅದಾದ ಮೇಲೆ ಅವಳು ಹೆಚ್ಚು ದಿನ ಇರಲಿಲ್ಲ. ಹೈಸ್ಕೂಲಿನಿಂದ ಲಗ್ನದತನಕ ನನ್ನ ಹೊಟ್ಟೆ ಹಿಡಿದುಕೊಂಡು ಅವಳ ಬಾಗಿಲಿಗೆ ಓಡಿದ್ದೇ ಓಡಿದ್ದು. ಒಂದು ದಿನವೂ "ನಿನಗ ಹೆಂಗಿತ್ತು ಚನ್ನಕ್ಕಾ" ಎಂದು ಕೇಳಿರಲಿಲ್ಲ ನಾನು.