ಜುಬ್ಬದ ತೋಳಿನೊಳಗಿನ ವಾಚು

ಬೆಳಿಗ್ಗೆ ಅಡುಗೆಮನೆಯಿಂದ ಹಸಿ ರವೆಯ ವಾಸನೆ ಬಂತು. ರವೆಗೆ ಅಂಥ ವಾಸನೆ ಏನಿದೆ ಎಂದು ನೀವು ಕೇಳಬಹುದು. ನೀರು ಬಿದ್ದ ಕೂಡಲೇ ಅದರಿಂದ ಒಂದು ಮಂದವಾದ ವಾಸನೆ ಏಳುತ್ತದೆ; ಮೃದಂಗ ಬಾರಿಸಿದವರ ಮೂಗಿಗೆ ಅದು ಚೆನ್ನಾಗಿ ಗೊತ್ತು. ನನ್ನ ಹೆಂಡತಿ ವಾರಿಜ ರೊಟ್ಟಿಗೆಂದು ರವೆ ಕಲಸುತ್ತಿದ್ದಳು. ಪೇಪರು ಓದುತ್ತಿದ್ದ ನಾನು ಕನ್ನಡಕ ತೆಗೆದಿಟ್ಟು, ಯಾಕೋ ಎಡಗೈಯ ಮಣಿಕಟ್ಟನ್ನು ಸವರಿಕೊಂಡೆ. ಅಲ್ಲಿ ವಾಚು ಇತ್ತು. ಅದು ಓಡುವುದನ್ನು ನಿಲ್ಲಿಸಿ ವರ್ಷಗಳಾಗಿವೆ. ನಾನು ಮಾತ್ರ ಕಟ್ಟುವುದನ್ನು ನಿಲ್ಲಿಸಿಲ್ಲ. ಬಿಚ್ಚುವುದಕ್ಕೂ ಒಂದು ಉತ್ಸಾಹ ಬೇಕು ನೋಡಿ.

ನಮ್ಮ ಮದುವೆಯಾದದ್ದು ಐವತ್ತರ ದಶಕದ ಕೊನೆಗೆ. ಆಗ ನಾನು ಮೂಡಬಿದ್ರೆಯ ಹತ್ತಿರ ಪುತ್ತಿಗೆಯ ಶಾಲೆಯಲ್ಲಿ ಮಾಷ್ಟ್ರು. ಮಾವನಿಗೆ ಬಂಟ್ವಾಳ ಪೇಟೆಯಲ್ಲಿ ಬೆಲ್ಲ, ಹುಣಸೆಹುಳಿಯ ಅಂಗಡಿ. ಅಳಿಯನ ಕೈಗೆ ವಾಚು ಕಟ್ಟದಿದ್ದರೆ ಮದುವೆಗೆ ಶೋಭೆಯಿಲ್ಲ ಎನ್ನುವ ಕಾಲ ಅದು. ಬೊಂಬಾಯಿಯ ಹೋಟೆಲೊಂದರಲ್ಲಿದ್ದ ತಮ್ಮನಿಂದ ಅವರು ಅದನ್ನು ತರಿಸಿದ್ದರು. ಮಂಟಪದಲ್ಲಿ ತಾವೇ ಕಟ್ಟಿ, ಕಿವಿ ಹತ್ತಿರ ತಂದು ಟಿಕ್ ಟಿಕ್ ಕೇಳಿ, ತೃಪ್ತಿಯಿಂದ ತಲೆಯಾಡಿಸಿದರು. ಅಂದಿನಿಂದ ನಾನು ಕಂಡಾಗಲೆಲ್ಲ ಅವರದ್ದು ಒಂದೇ ಪ್ರಶ್ನೆ.

“ಟೈಮೆಷ್ಟಾಯ್ತು ಮಾಷ್ಟ್ರೇ?”

ಅವರ ಅಂಗಡಿಯ ಗೋಡೆಯ ಮೇಲೆ ಮುಖದಷ್ಟು ದೊಡ್ಡ ಗಡಿಯಾರ ಇತ್ತು. ಅದರ ಕೆಳಗೇ ನಿಂತು ಕೇಳುತ್ತಿದ್ದರು. ನಾನು ತೋಳು ಮೇಲೆ ಸರಿಸಿ, ಗಂಭೀರವಾಗಿ ನೋಡಿ, ನಿಮಿಷ ಸಹಿತ ಹೇಳುತ್ತಿದ್ದೆ. ಅವರು ಗಿರಾಕಿಗಳ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಪಾಪ, ಅಷ್ಟೇ ಅವರ ಸಂತೋಷ.

ತೊಂದರೆ ಇದ್ದದ್ದು ನನ್ನ ಮೃದಂಗದ ಹುಚ್ಚಿನಲ್ಲಿ. ಪ್ರತಿ ಭಾನುವಾರ ವೇಣೂರು ದಾರಿಯ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋಗಿ ತಿಮ್ಮಪ್ಪಯ್ಯ ಎಂಬ ಗುರುಗಳ ಹತ್ತಿರ ಕಲಿಯುತ್ತಿದ್ದೆ. ಮೃದಂಗದ ಎಡಮುಖಕ್ಕೆ ಒದ್ದೆ ರವೆಯ ಮುದ್ದೆ ಅಂಟಿಸಿದರೆ ಅದಕ್ಕೆ ಗಂಭೀರವಾದ ಸ್ವರ ಬರುತ್ತದೆ. ಅಂಗೈಯ ಬುಡವನ್ನು ಅಲ್ಲಿ ಒತ್ತಿ ಸ್ವಲ್ಪ ಜಾರಿಸಿದರೆ ಗುಂಯ್ ಎಂದು ಹೊಟ್ಟೆಯೊಳಗಿನಿಂದ ಒಂದು ನಾದ ಏಳುತ್ತದೆ. ಅದಕ್ಕೆ ಗುಮ್ಕಿ ಎನ್ನುತ್ತಾರೆ. ನನಗೆ ಬೇರೇನೂ ಬಾರದಿದ್ದರೂ ಗುಮ್ಕಿ ಬರುತ್ತಿತ್ತು. ಗುರುಗಳು ಹೊಗಳುವ ಪೈಕಿ ಅಲ್ಲ. ಆದರೆ ನಾನು ಗುಮ್ಕಿ ಹಾಕಿದಾಗ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸುತ್ತಿದ್ದರು. ನಾನು ಆ ಒಂದು ಕ್ಷಣಕ್ಕಾಗಿ ಬಸ್ಸಿನ ಧೂಳು ಕುಡಿಯುತ್ತಿದ್ದೆ.

ಈಗ ನೀವೇ ಯೋಚಿಸಿ. ಎಡಗೈಗೆ ವಾಚು ಕಟ್ಟಿದರೆ ಗುಮ್ಕಿ ಹಾಕುವ ಜಾಗದಲ್ಲೇ ಬಕಲು. ಬಲಗೈಗೆ ಕಟ್ಟಿದರೆ ಪೆಟ್ಟಿಗೊಮ್ಮೆ ಯಂತ್ರ ನಡುಗುತ್ತದೆ. ಮದುವೆಯಾಗಿ ಆರು ತಿಂಗಳಲ್ಲಿ ವಾಚು ನಿಂತೇ ಹೋಯಿತು. ಮೂಡಬಿದ್ರೆ ಪೇಟೆಯ ವಾಚು ರಿಪೇರಿಯವನು ಒಂದು ಕಣ್ಣಿಗೆ ದುರ್ಬೀನು ಸಿಕ್ಕಿಸಿ ಮುಚ್ಚಳ ತೆಗೆದ. ಬಹಳ ಹೊತ್ತು ನೋಡಿ, “ಎಂಥ ಮಾಷ್ಟ್ರೇ, ಇದರ ಒಳಗೆ ಸಜ್ಜಿಗೆ ಮಾಡಿದ್ದೀರ?” ಎಂದ. ಸಜ್ಜಿಗೆ ಎಂದರೆ ನಮ್ಮ ಕಡೆ ಉಪ್ಪಿಟ್ಟು. ಕೀಲಿಯ ಸಂದಿನಿಂದ ಒಳಹೊಕ್ಕ ರವೆ ಚಕ್ರಗಳಿಗೆ ಮೆತ್ತಿಕೊಂಡಿತ್ತು. ಅದನ್ನೆಲ್ಲ ಕೆರೆದು ತೆಗೆದು ಓಡುವ ಹಾಗೆ ಮಾಡಿಕೊಟ್ಟ.

ಅಲ್ಲಿಂದ ಬಾರಿಸುವಾಗ ಬಿಚ್ಚಿಡತೊಡಗಿದೆ. ಒಂದು ಸಂಜೆ ಹಾಗೆ ಅಭ್ಯಾಸ ಮಾಡುತ್ತಿದ್ದಾಗ ಮಾವ ಹೇಳದೆ ಕೇಳದೆ ಬಂದುಬಿಟ್ಟರು. “ಟೈಮೆಷ್ಟಾಯ್ತು ಮಾಷ್ಟ್ರೇ?” ನಾನು ಅಭ್ಯಾಸಬಲದಿಂದ ಕೈ ಎತ್ತಿ ನೋಡಿದೆ. ಬರೀ ಕೈ. ಅದಕ್ಕೆ ಮೆತ್ತಿದ ರವೆ. ಮಾವ ಕಾಫಿಯನ್ನು ಪೂರ್ತಿ ಕುಡಿಯಲಿಲ್ಲ. ಅವರು ಹೋದ ಮೇಲೆ ವಾರಿಜ ಲೋಟ ಎತ್ತುತ್ತ ಹೇಳಿದಳು: “ಅಪ್ಪನಿಗೆ ಬೇಜಾರಾಯ್ತು. ಕಟ್ಟಿಕೊಂಡೇ ಇದ್ದರೆ ನಿಮಗೇನು ಭಾರ?”

ಹೌದಲ್ಲ, ಏನು ಭಾರ? ಮತ್ತೆ ಮನೆಯಲ್ಲಿ ಬಾರಿಸುವಾಗಲೂ ನಾನು ಅದನ್ನು ಬಿಚ್ಚಲಿಲ್ಲ. ಎಡಗೈ ತಾನಾಗಿಯೇ ಜಾಗ್ರತೆ ಕಲಿಯಿತು. ಗಾಜಿನ ಸಾಮಾನು ಇಟ್ಟ ಕೋಣೆಯಲ್ಲಿ ನಡೆದಂತೆ ಮೃದಂಗದ ಮೇಲೆ ನಡೆಯತೊಡಗಿತು. “ವಾಚು ಬಿಚ್ಚಿಡು, ಕೈ ಬಿಟ್ಟು ಬಾರಿಸು ಮಾರಾಯ” ಎಂದು ಗುರುಗಳು ಎರಡು ಮೂರು ಸಲ ಹೇಳಿದರು. ಆಮೇಲೆ ಅವರ ಎದುರು ಬಿಚ್ಚುವುದು, ಬಸ್ಸಿನಲ್ಲಿ ಕಟ್ಟುವುದು. ಹೀಗೆ ಎರಡು ಸಂಸಾರ ನಡೆಸಿದೆ.

ಆ ವರ್ಷ ನವರಾತ್ರಿಗೆ ಮೂಡಬಿದ್ರೆಯ ಶಾಲೆಯ ಹಾಲಿನಲ್ಲಿ ಒಂದು ಸಂಗೀತ ಕಛೇರಿ. ಮಧ್ಯಾಹ್ನ ನಾಲ್ಕಕ್ಕೆ. ಮಂಗಳೂರಿನಿಂದ ಒಳ್ಳೆಯ ಹಾಡುಗಾರರು ಬರುವವರಿದ್ದರು. ಮೃದಂಗಕ್ಕೆ ಗುರುಗಳೇ ಒಪ್ಪಿದ್ದರು. ಆದರೆ ಬೆರಳು ಬಾತುಕೊಂಡದ್ದರಿಂದ, “ನನ್ನ ಬದಲು ಇವ ಬಾರಿಸ್ತಾನೆ” ಎಂದು ನನ್ನನ್ನು ಮುಂದೆ ತಳ್ಳಿದರು. “ಇದರಲ್ಲಿ ಗೆದ್ದರೆ ನೀನು ಕಛೇರಿಯವನು. ಇಲ್ಲದಿದ್ದರೆ ಭಜನೆಗೆ ಸಾಕು” ಎಂದೂ ಹೇಳಿದರು. ಅಷ್ಟರಲ್ಲಿ ಬಂಟ್ವಾಳದಿಂದ ಮಾವನ ಕಾರ್ಡು ಬಂತು, ಅವರೂ ಬರುತ್ತಾರೆಂದು.

ನಾನು ಭಾರೀ ಬುದ್ಧಿವಂತ ನೋಡಿ. ತುಂಬುತೋಳಿನ ಜುಬ್ಬ ತೊಟ್ಟು, ವಾಚನ್ನು ತೋಳಿನೊಳಗೆ ಕಟ್ಟಿಕೊಂಡು, ಗುಂಡಿ ಹಾಕಿದೆ. ಗುರುಗಳಿಗೆ ಕಾಣುವುದಿಲ್ಲ, ಮಾವ ಕೇಳಿದರೆ ಸರಿಸಿ ತೋರಿಸಬಹುದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಛೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಲು ಮನಸ್ಸಿಲ್ಲ. ಗುಮ್ಕಿಗೆ ಕೈ ಒತ್ತಿದಾಗಲೆಲ್ಲ ಬಕಲು ಮೃದಂಗದ ಚರ್ಮಕ್ಕೆ ತಾಗೀತು ಎಂದು ಕೈ ಹಿಂದೆ ಸರಿಯಿತು. ತೋಳು ಒದ್ದೆ ರವೆಗೆ ಅಂಟಿ ಅಂಟಿ ಬಿಟ್ಟಿತು. ಕೊನೆಗೆ ಹಾಡುಗಾರರು ಸುಮ್ಮನಾಗಿ, ಮೃದಂಗದವನೊಬ್ಬನೇ ಬಾರಿಸಲು ಬಿಟ್ಟುಕೊಡುವ ಸಮಯ ಬರುತ್ತದಲ್ಲ, ಆಗ ಅವರು ನನ್ನ ಕಡೆ ಒಮ್ಮೆ ನೋಡಿ ಮುಂದಿನ ಹಾಡು ಎತ್ತಿಕೊಂಡರು. ನನಗೆ ಆ ಅವಕಾಶ ಸಿಗಲೇ ಇಲ್ಲ.

ಇಳಿದು ಬಂದಾಗ ಗುರುಗಳು ಕೇಳಿದ್ದು ಇಷ್ಟೇ: “ಇವತ್ತು ನಿನ್ನ ಎಡಗೈ ಯಾರದ್ದು?”

ಅವರ ಹಿಂದೆಯೇ ಮಾವ ಬಂದರು. ನನ್ನ ಬಲಗೈ ಹಿಡಿದು, ಸೋತು ಬಂದ ಮಗನಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು: “ಪರವಾಗಿಲ್ಲ ಮಾಷ್ಟ್ರೇ, ಮೊದಲ ಸಲ ಅಲ್ವ. ವಾಚು ಮನೆಯಲ್ಲೇ ಬಿಟ್ಟು ಬಂದಿದ್ದೀರಿ, ಒಳ್ಳೇದಾಯ್ತು. ಬಾರಿಸುವಾಗ ಅದು ಅಡ್ಡವೇ. ನಾನೇ ಹೇಳಬೇಕಂತ ಇದ್ದೆ.”

“ಹೌದು ಮಾವ” ಎಂದೆ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ.

ಮುಂದಿನ ಭಾನುವಾರ ಬೆಳ್ತಂಗಡಿಗೆ ಹೋಗಲಿಲ್ಲ. ಅದರ ಮುಂದಿನ ವಾರ ಶಾಲೆಗೆ ಇನ್‌ಸ್ಪೆಕ್ಟರು, ಆಮೇಲೆ ಜ್ವರ, ಆಮೇಲೆ ಮಳೆ. ನೆಪಗಳಿಗೇನು ಬರಗಾಲವೇ? ಮೃದಂಗ ಅಟ್ಟ ಸೇರಿ, ಅಲ್ಲಿಂದ ಭಜನಾ ಮಂದಿರ ಸೇರಿತು. ಗುರುಗಳು ತೀರಿಕೊಂಡ ಸುದ್ದಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಒಂದು ವಿಷಯ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಆ ಕಛೇರಿಯ ನಂತರ ಮಾವ ಸಾಯುವವರೆಗೂ ನನ್ನ ಹತ್ತಿರ ಒಂದು ದಿನವೂ ಟೈಮ್ ಕೇಳಲಿಲ್ಲ. ವಯಸ್ಸಾಯಿತು, ಮರೆತಿದ್ದಾರೆ ಎಂದುಕೊಂಡಿದ್ದೆ.

ಇವತ್ತು ಆ ರವೆಯ ವಾಸನೆಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ವಾರಿಜಳ ಬೆನ್ನಿಗೆ ಹೇಳಿದೆ: “ಆವತ್ತು ಕಛೇರಿಯಲ್ಲಿ ವಾಚು ಕೈಯಲ್ಲೇ ಇತ್ತು. ತೋಳಿನ ಒಳಗೆ.”

ಅವಳು ತಿರುಗಲಿಲ್ಲ. “ಗೊತ್ತುಂಟು. ಜುಬ್ಬ ಒಗೆದದ್ದು ನಾನಲ್ವ? ತೋಳಿನ ಒಳಗೆ ವಾಚಿನ ಗುರುತಿನ ಸುತ್ತ ರವೆ ಒಣಗಿ ಕೂತಿತ್ತು. ತವರಿಗೆ ಹೋದಾಗ ಅಪ್ಪನಿಗೂ ಹೇಳಿದೆ.”

“ಅವರೇನಂದರು?”

“‘ಇನ್ನು ನಾನು ಅವರತ್ರ ಟೈಮ್ ಕೇಳುವುದಿಲ್ಲ, ಅವರಾಗಿಯೇ ಬಿಚ್ಚಲಿ’ ಅಂದ್ರು. ನೀವು ಪುನಃ ಬಾರಿಸ್ತೀರಾ ಅಂತ ಹೋದಾಗಲೆಲ್ಲ ನನ್ನತ್ರ ಕೇಳ್ತಿದ್ರು.”

“ನನಗೊಂದು ಮಾತು ಹೇಳಬಾರದಿತ್ತ?”

“ಕಟ್ಟಿಕೊಳ್ಳಿ ಅಂದವಳು ನಾನೇ. ಬಿಚ್ಚಿ ಅಂತ ಯಾವ ಬಾಯಲ್ಲಿ ಹೇಳಲಿ? ನೀವೇ ಹೇಳ್ತೀರಿ ಅಂತ ಕಾದೆ.”

ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟಿಗೂ ಒಂದು ತ್ರಾಣ ಬೇಕಲ್ಲ. ಮೂರು ಮಂದಿ ಒಬ್ಬರಿಗೊಬ್ಬರು ನೋವಾಗಬಾರದೆಂದು ಬಾಯಿ ಮುಚ್ಚಿಕೊಂಡು, ಒಂದು ಒಳ್ಳೆಯ ಮೃದಂಗವನ್ನು ಅಟ್ಟಕ್ಕೆ ಹಾಕಿದ್ದೆವು.

ವಾರಿಜ ಪಾತ್ರೆಯನ್ನು ನನ್ನ ಕಡೆ ಸರಿಸಿದಳು. “ನನ್ನ ಕೈಗೆ ಆಗುವುದಿಲ್ಲ, ಇದನ್ನು ಸ್ವಲ್ಪ ನಾದಿ ಕೊಡಿ. ಅದನ್ನು ಬಿಚ್ಚಿ ಮೊದಲು.”

ಬಕಲು ತುಕ್ಕು ಹಿಡಿದಿತ್ತು. ಅವಳೇ ಬಿಡಿಸಿ ಉಪ್ಪಿನ ಡಬ್ಬದ ಪಕ್ಕ ಇಟ್ಟಳು. ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಬಿಳಿ ಪಟ್ಟಿ. ನಾನು ಎಡ ಅಂಗೈಯ ಬುಡವನ್ನು ರವೆಯ ಮೇಲೆ ಒತ್ತಿ ಮುಂದಕ್ಕೆ ಜಾರಿಸಿದೆ. ಇನ್ನೊಮ್ಮೆ, ಮತ್ತೊಮ್ಮೆ. ಸ್ವರ ಎಲ್ಲಿಂದ ಬರಬೇಕು?

ವಾರಿಜ ಸೌಟು ಹಿಡಿದುಕೊಂಡೇ ನೋಡುತ್ತಿದ್ದಳು. “ಎಡಗೈಯಲ್ಲಿ ಇನ್ನೂ ತ್ರಾಣ ಉಂಟಲ್ಲ ನಿಮಗೆ” ಎಂದಳು.