ಕರಾಚಿಗೆ ಎಷ್ಟು ಸುತ್ತು

ವಿಮಾನದ ವೇಗದ ಮಾತು ಕೇಳಿದರೆ ನನಗೆ ಕೂತಲ್ಲೇ ದಣಿವಾಗುತ್ತದೆ. ನಾನು ಹುಬ್ಬಳ್ಳಿಯಲ್ಲಿ ಚಕ್ಕಡಿಗೆ ಗಾಲಿ ಮಾಡುವ ಬಡಿಗ; ಮೂರನೆಯ ಇಯತ್ತೆಗೆ ಸಾಲೆ ಬಿಟ್ಟು ಮರ ಕೆತ್ತುವ ಬಾಚಿ ಹಿಡಿದವನು. ನನ್ನ ಗಾಲಿ ಹೆಬ್ಬಳ್ಳಿಯ ಎರೆಮಣ್ಣಿನಲ್ಲೂ ಕುಂಟಿಲ್ಲವೆಂಬ ಹೆಮ್ಮೆ ಬಿಟ್ಟರೆ ಸಂಜೆಗೆ ನನ್ನಲ್ಲಿ ಉಳಿಯುವುದು ಸೊಂಟನೋವು.

ನಮ್ಮ ಕಡೆ ದೂರವನ್ನು ಬುತ್ತಿಯಿಂದ ಅಳೆಯುತ್ತಾರೆ. ಚಕ್ಕಡಿ ಹೂಡಿದರೆ ಧಾರವಾಡಕ್ಕೆ ಒಂದು ಹೊತ್ತಿನ ರೊಟ್ಟಿ, ಬೆಳಗಾವಿಗೆ ಮೂರು ದಿನದ್ದು. ರೊಟ್ಟಿ ಬಿಚ್ಚುವ ಮೊದಲೇ ಊರು ಬಂದುಬಿಡುವ ಪ್ರಯಾಣವನ್ನು ನಂಬುವುದು ಹೇಗೆ?

ನಂಬಿಸಲು ಹೊರಟವನು ನನ್ನ ತಮ್ಮ ಮೌನೇಶ. ನಾಲ್ಕು ವರ್ಷದ ಹಿಂದೆ ಅವನು ಬಾಚಿ ಕೆಳಗಿಟ್ಟು, ಕರಾಚಿಯಲ್ಲಿ ಬ್ರಿಟಿಷ್ ಸರಕಾರದ ವಿಮಾನ ನಿಲ್ದಾಣದಲ್ಲಿ ಯಂತ್ರ ರಿಪೇರಿಗೆ ಹೊರಟ. "ನಾ ಕರಿಯೂತನಕ ಈ ಹೊಸ್ತಿಲ ತುಳೀಬ್ಯಾಡ" ಎಂದುಬಿಟ್ಟೆ. ಅವನು ಬರಲಿಲ್ಲ. ನಾನು ಕರೆಯಲಿಲ್ಲ.

ಮೊನ್ನೆ ಅವನ ಕಾಗದ ವಿಮಾನದ ಟಪಾಲಿನಲ್ಲಿ ಬಂತು. ಕರಾಚಿಯಿಂದ ಮುಂಬಯಿಗೆ ಐದುನೂರೈವತ್ತು ಮೈಲಿ. ಬೆಳಿಗ್ಗೆ ಎದ್ದ ವಿಮಾನ ಮಧ್ಯಾಹ್ನ ಇಳಿಯುತ್ತದೆ. ತನಗೂ ಅದರಲ್ಲಿ ಒಂದು ಜಾಗ ಕೊಡುತ್ತಾರೆ. ಅವ್ವನನ್ನು ನೋಡಬೇಕು, ಬರಲೇ?

ಬುದ್ಧಿ ನೆಟ್ಟಗಿದ್ದವರು ಕೇಳಿದ್ದಕ್ಕೆ ಉತ್ತರ ಬರೆಯುತ್ತಾರೆ. ನಾನು ಗಾಲಿ ಅಳೆಯುವ ದಾರ ತೆಗೆದುಕೊಂಡು ಕನ್ನಡ ಸಾಲೆಗೆ ಹೋಗಿ, ಗೋಡೆಯ ಮೇಲಿನ ನಕಾಶೆಗೆ ಹಿಡಿದೆ.

"ಏನ್ರಿ ಬಡಿಗೇರ, ಕರಾಚಿಗೆ ಚಕ್ಕಡಿ ಹೂಡತೀರೇನು?" ಎಂದರು ಮಾಸ್ತರರು.

"ಇಲ್ರಿ ಮಾಸ್ತರ, ನಮ್ಮ ತಮ್ಮನ ಸುಳ್ಳು ಹಿಡಿಯಾಕ ಬಂದೇನಿ."

ಸುಳ್ಳು ಸಿಗಲಿಲ್ಲ. ಆದರೂ ಹಲಗೆಯ ಮೇಲೆ ಲೆಕ್ಕ ಹಾಕಿದೆ. ನನ್ನ ಗಾಲಿ ಮೈಲಿಗೆ ಮುನ್ನೂರ ಮೂವತ್ತು ಸುತ್ತು; ಮುಂಬಯಿ ಮುಟ್ಟಲು ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಮೇಲೆ. ಎತ್ತುಗಳಿಗೆ ತಿಂಗಳ ಕೆಲಸ. ಇದನ್ನೆಲ್ಲ ತಮ್ಮನಿಗೆ ಎರಡು ಹಾಳೆ ತುಂಬಾ ಬರೆದೆ. ಮಾಸ್ತರರಿಂದ ಕೇಳಿ ತಿಳಿದು, ನಡುವೆ ವಿಮಾನ ಎಣ್ಣೆಗೆಂದು ಇಳಿಯುವ ಹೊತ್ತನ್ನು ಅವನು ಹಿಡಿದಿಲ್ಲವೆಂದು ತಪ್ಪನ್ನೂ ತೋರಿಸಿದೆ. ಗಾಲಿ ಕಟ್ಟುವುದಕ್ಕಿಂತ ಹೆಚ್ಚು ಕೈ ನೊಂದಿತು. ಅವ್ವನಿಗೆ ಓದಿ ಹೇಳಿದೆ.

"ಛಲೋ ಆತು. ‘ಬಾ’ ಅಂತ ಎಲ್ಲಿ ಬರದೀ?"

"ಅದು ಇದ್ದಾಂಗನ ಅಲ್ಲೇನಬೇ."

"ಇದ್ದಾಂಗ ಇದ್ರ ಅವಗ ಕಾಣತೈತೇನೋ? ಅಷ್ಟ ಮ್ಯಾಲಿಂದ ನೋಡಿದ್ರೂ ಕಾಣಂಗಿಲ್ಲ."

ಹಾಳೆಯಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಅಡ್ಡಡ್ಡ ಬರೆದೆ: ‘ಬಾ. ಅವ್ವ ದಾರಿ ನೋಡುತ್ತಿದ್ದಾಳೆ.’ ಓದಿ ತೋರಿಸಿದರೆ ಮುದುಕಿ ಅಕ್ಕಿ ಆರಿಸುತ್ತಲೇ ಕೇಳಿದಳು:

"ನಾ ನಾಕ ವರ್ಷದಿಂದ ನೋಡಾಕತ್ತೇನಿ, ಅದು ಅವಗ ಗೊತ್ತೈತಿ. ಹೊಸ್ತಿಲ ತುಳೀಬ್ಯಾಡ ಅಂದಾಕಿ ನಾನೇನು?"

ಹಾಳೆ ಅಲ್ಲೇ ಇಟ್ಟು ಎದ್ದೆ. ಜಾಲಿಯ ಕೊರಡೊಂದನ್ನು ಕೊಯ್ದು ಮುಗಿಸಿದೆ. ಆಮೇಲೆ ಬಂದು ಅದರ ಮುಂದೆ ಬರೆದೆ: ‘ನಾನೂ.’

ಕರಾಚಿಯಿಂದ ಮುಂಬಯಿಗೆ ಅರ್ಧ ದಿನ ಎಂದು ಯಾರಾದರೂ ಹೇಳಿದರೆ ನಾನೀಗ ಜಗಳ ತೆಗೆಯುವುದಿಲ್ಲ. ಅಷ್ಟೇ ಇದ್ದೀತು. ಆ ಎರಡಕ್ಷರ ನನ್ನ ಮನೆಯಿಂದ ಹೊರಡುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ವಿಮಾನ ಬಡಪಾಯಿ, ಅದರದೇನು ತಪ್ಪು?