ಹುಳವಲ್ಲ, ನರ

ನಾರುಹುಣ್ಣು ಈಗ ನಮ್ಮ ದೇಶದಲ್ಲೇ ಇಲ್ಲ. ಎಂಬತ್ತರ ದಶಕದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆ ಅದು ಎಷ್ಟು ಮಂದಿಗಿದೆಯೆಂದು ಎಣಿಸಲು ಮನೆಮನೆ ಸರ್ವೇ ನಡೆದಿತ್ತು. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತದೆ ಎಂದು ನನ್ನನ್ನೂ ಸೇರಿಸಿಕೊಂಡರು. ಮೆಟ್ಟಿಲುಬಾವಿಯ ನೀರು ಕುಡಿದವರ ಮೈಯಲ್ಲಿ ಉದ್ದನೆಯ ಹುಳ ಬೆಳೆದು, ವರ್ಷದ ಮೇಲೆ ಕಾಲಿನ ಬೊಕ್ಕೆಯೊಡೆದು ಹೊರಬರುತ್ತಿತ್ತು. ಗಿನಿ ವರ್ಮ್.

ಇಜೇರಿ ಕಡೆಯ ಒಂದು ಊರಲ್ಲಿ, "ನಿಮ್ಮ ಮನೆಯಲ್ಲಿ ಯಾರಿಗಾದರೂ ನಾರುಹುಣ್ಣಿನ ರೋಗ ಇದೆಯೇ?" ಎಂದು ಕೇಳಿದೆ.

"ಜಡ್ಡು-ಜಾಪತ್ರಿ ಏನೂ ಇಲ್ರಿ ಅಕ್ಕೋರ," ಎಂದಳು ಮನೆಯ ಅತ್ತೆ. ಅವಳ ಪಕ್ಕದಲ್ಲೇ ಕೂತಿದ್ದ ಸೊಸೆಯ ಮೊಣಕಾಲ ಕೆಳಗೆ ಬಿಳಿ ದಾರದಂಥದ್ದು ಇಣುಕುತ್ತಿತ್ತು.

"ಮತ್ತೆ ಇದು?"

"ಅದ ಜಡ್ಡಲ್ರಿ. ನರ ಹೊರಗ ಬಂದದ."

ನರವಲ್ಲ, ಹುಳ ಎಂದೆ. ಓಣಿಯ ಹೆಂಗಸರು ನಕ್ಕರು. "ಹುಳ ಅಂದ್ರ ತಲಿ ಎಲ್ಲದ್ರಿ? ಬಾಲ ಎಲ್ಲದ?"

ಸೊಸೆ ನಗಲಿಲ್ಲ. ಪೂರ್ ಥಿಂಗ್, ಇಪ್ಪತ್ತೂ ತುಂಬಿರಲಿಕ್ಕಿಲ್ಲ. "ನರ ಜಗ್ಗಿದ್ರ ಕಾಲ ಹೋಗ್ತದ್ರಿ. ಜ್ವಾಳದ ರಾಶಿ ಮುಂದ ಬಂದದ. ಕುಂಟಿಗಿ ಯಾರ ಕೂಳ ಹಾಕ್ತಾರ?"

ಕಾಲು ಹೋಗುವುದಿಲ್ಲ, ನನ್ನನ್ನು ನಂಬು ಎಂದೆ. ಅವಳು ಕಾಲು ಚಾಚಿದಳು. ಹುಳದ ತುದಿಯನ್ನು ಬೆಂಕಿಕಡ್ಡಿಗೆ ಸುತ್ತಿ ಪಟ್ಟಿ ಕಟ್ಟಿದೆ. ದಿನಾ ಸ್ವಲ್ಪವೇ ಸುತ್ತಬೇಕು, ಎಳೆಯಬಾರದು, ಹುಳದ ಮರಿ ನೀರಿಗೆ ಸೇರುತ್ತವೆ, ಬಾವಿಗೆ ಇಳಿಯಲೇಬಾರದು ಎಂದು ಹೇಳಿದೆ.

"ನೀರ ಯಾರ ತರಬೇಕು, ನೀವೇನ್ರಿ?" ಎಂದಳು ಅತ್ತೆ.

ಸೊಸೆಯನ್ನು ಲೆಕ್ಕಕ್ಕೆ ಸೇರಿಸಿ ನಾವು ಭೀಮಾ ದಂಡೆಯ ಮಣ್ಣೂರಿನ ಕಡೆ ಹೋದೆವು. ಸುಗ್ಗಿ ಮುಗಿದ ಮೇಲೆ ರೀಚೆಕ್‌ಗೆ ಅದೇ ಊರಿಗೆ ಬಂದಾಗ ಅವಳು ಗೋಡೆ ಹಿಡಿದು ಎದ್ದಳು. ನೀರಿಗೆ ಹೋದಾಗ ಕಡ್ಡಿ ಸೀರೆಯ ಅಂಚಿಗೆ ಸಿಕ್ಕಿ, ಬಾವಿಯ ಮೆಟ್ಟಿಲ ಮೇಲೆ ಹುಳ ಹರಿದು ತುಂಡಾಗಿತ್ತು. ಉಳಿದದ್ದು ಒಳಗೇ ಕೀವಾಗಿ, ಮೊಣಕಾಲು ಮಡಿಚಿದಂತೆಯೇ ಸೆಟೆದುಕೊಂಡಿತ್ತು. ಜೊತೆಗಿದ್ದ ಡಾಕ್ಟರು ಮುಟ್ಟಿ ನೋಡಿ, "ಟೂ ಲೇಟ್" ಎಂದರು.

"ನೀವು ಹುಳ ಅಂದ್ರಿ, ನಂಬಿದೆ," ಎಂದಳು. "ನರಾನೇ ಇತ್ತು ನೋಡ್ರಿ. ಹರೀತು, ಕಾಲ ಹೋತು. ನಾಳಿ ತವರಿಗಿ ಕಳಸ್ತಾರ."

ಹುಳ ಹೊರಗೆ ಕಾಣದ್ದರಿಂದ ಈ ಸಲ ಅವಳು ಲೆಕ್ಕಕ್ಕೂ ಬರಲಿಲ್ಲ.

ಮುಂದಿನ ಮನೆಗಳ ಹೆಂಗಸರು ನಮ್ಮನ್ನು ಕಂಡೊಡನೆ ಸೀರೆಯನ್ನು ಪಾದದವರೆಗೂ ಎಳೆದುಕೊಂಡರು. "ಯಾರಿಗೂ ಏನೂ ಇಲ್ರಿ, ಮುಂದ ನಡೀರಿ."

ಈ ಊರಲ್ಲಿ ಪ್ರಿವಲೆನ್ಸ್, ಅಂದರೆ ರೋಗಿಗಳ ಪ್ರಮಾಣ, ಚೆನ್ನಾಗಿ ಇಳಿದಿದೆ ಎಂದು ಸೂಪರ್‌ವೈಸರ್ ಬರೆದುಕೊಂಡರು. ಕಾಲು ತೋರಿಸಿ ಎಂದು ನಾನು ಯಾರನ್ನೂ ಕೇಳಲಿಲ್ಲ.